ಹೊಸ ಓಎಸ್ ಹಾಕುವ ಮುನ್ನ: ತೊಡಕು ಎಲ್ಲೆಲ್ಲಿ, ಪರಿಹಾರವೇನು?

ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಮನೆಯಲ್ಲಿ, ಶಾಲೆಯಲ್ಲಿ, ಸಹಕಾರ ಸಂಘದಲ್ಲಿ, ಜೆರಾಕ್ಸ್-ಡಿಟಿಪಿ ಅಂಗಡಿಯಲ್ಲಿ ಹಳೆಯ ಕಂಪ್ಯೂಟರ್ ಇಟ್ಟುಕೊಂಡವರೆಲ್ಲ ಆಗಿನಿಂದ ಕೇಳುತ್ತಿರುವ ಪ್ರಶ್ನೆ ಒಂದೇ: ಈಗ ಯಾವುದನ್ನು ಹಾಕಿಸೋಣ, ಹಾಕಿಸುವಾಗ ಏನೂ ಹೋಗದ ಹಾಗೆ ನೋಡಿಕೊಳ್ಳುವುದು ಹೇಗೆ?

ಓಎಸ್ (ಆಪರೇಟಿಂಗ್ ಸಿಸ್ಟಮ್) ಹಾಕುವುದೆಂದರೆ ಬಹಳ ಜನರಿಗೆ ಭಯ. ಅರ್ಧಕ್ಕೆ ನಿಂತ ಪರದೆ, ಅರ್ಥವಾಗದ ಎರರ್, ಮಾಯವಾದ ವೈಫೈ, ತೆರೆದರೆ ಕಲಸುಮೇಲೋಗರವಾಗಿ ಕಾಣುವ ಕನ್ನಡ ಫೈಲುಗಳು ಒಂದೇ ದಿನ ಎದುರಾದರೆ ಎಂಥವರಿಗೂ ತಾಳ್ಮೆ ಕೆಡುತ್ತದೆ. ಆದರೆ ಈ ತೊಡಕುಗಳು ಎಲ್ಲರಿಗೂ ಹೆಚ್ಚುಕಡಿಮೆ ಅದೇ ಜಾಗಗಳಲ್ಲಿ, ಅದೇ ಕಾರಣಕ್ಕೆ ಬರುತ್ತವೆ. ಬ್ಯಾಕಪ್ ಇಲ್ಲದೆ ಅಳಿಸಿಹೋದ ಫೈಲೊಂದನ್ನು ಬಿಟ್ಟರೆ ಉಳಿದ ಬಹುಪಾಲಿಗೆ ದಾರಿಯಿದೆ. ಹಾಗಾಗಿ ಈ ಕೆಲಸದಲ್ಲಿ ಹೆಚ್ಚಿನ ಪಾಲು ಪೆನ್‌ಡ್ರೈವ್ ಹಾಕುವುದಕ್ಕೆ ಮೊದಲೇ ಮುಗಿದಿರಬೇಕು.

ಯಾವ ಓಎಸ್ ನಿಮಗೆ?

ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಸೆಕ್ಯೂರ್ ಬೂಟ್ ಸೌಲಭ್ಯವಿರುವ ಯುಇಎಫ್‌ಐ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಪ್ರೊಸೆಸರ್ ಇಂಟೆಲ್ ಆಗಿದ್ದರೆ ಸಾಮಾನ್ಯವಾಗಿ 8ನೇ ಪೀಳಿಗೆಯದು ಅಥವಾ ಅದಕ್ಕಿಂತ ಹೊಸದು ಇರಬೇಕು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದರೆ ನಿಮ್ಮ ಯಂತ್ರ ಪಾಸೋ ಫೇಲೋ ತಿಳಿಯುತ್ತದೆ. ‘ಟಿಪಿಎಂ ಇಲ್ಲ’ ಎಂದು ಬಂದ ಕೂಡಲೇ ಕೈಬಿಡಬೇಡಿ. ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದು ಇರುತ್ತದೆ, ಆದರೆ ಯಂತ್ರದ ಮೂಲ ಸೆಟಿಂಗ್‌ಗಳ ಪರದೆಯಾದ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್ ಯಂತ್ರದಲ್ಲಿ ಪಿಟಿಟಿ, ಎಎಂಡಿ ಯಂತ್ರದಲ್ಲಿ ಎಫ್‌ಟಿಪಿಎಂ ಎಂಬ ಹೆಸರಿನಲ್ಲಿ ಹುಡುಕಿ ಆನ್ ಮಾಡಬಹುದು.

ನಿಯಮ ತಪ್ಪಿಸಿ ಹಳೆಯ ಯಂತ್ರಕ್ಕೂ ವಿಂಡೋಸ್ 11 ಹಾಕುವ ದಾರಿಗಳಿವೆ. ಕೆಲಸಕ್ಕೆ ಬಳಸುವ ಕಂಪ್ಯೂಟರ್‌ಗೆ ನಾನು ಅದನ್ನು ಹೇಳುವುದಿಲ್ಲ. ಅಂಥ ಯಂತ್ರಗಳಿಗೆ ಅಪ್‌ಡೇಟ್ ಬಂದೇ ಬರುತ್ತದೆಂದು ಮೈಕ್ರೋಸಾಫ್ಟ್ ಭರವಸೆ ಕೊಡುವುದಿಲ್ಲ. ಸದ್ಯಕ್ಕೆ ವಿಂಡೋಸ್ 10 ಬಿಡಲಾಗದ ಮನೆಬಳಕೆದಾರರು ಇಎಸ್‌ಯು ಎಂಬ ಹೆಚ್ಚುವರಿ ಭದ್ರತಾ ಯೋಜನೆಗೆ ಸೇರಿದರೆ 2026ರ ಅಕ್ಟೋಬರ್ 13ರವರೆಗೆ ಸಮಯ ಸಿಗುತ್ತದೆ.

ಇನ್ನೊಂದು ದಾರಿ ಲಿನಕ್ಸ್. ಹಳೆಯ ಯಂತ್ರಕ್ಕೂ ಹೊಸಬರಿಗೂ ಒಗ್ಗುವುದು ಲಿನಕ್ಸ್ ಮಿಂಟ್. 2024ರಲ್ಲಿ ಬಂದ ಅದರ 22ನೇ ಆವೃತ್ತಿಗೆ 2029ರವರೆಗೆ ಬೆಂಬಲವಿದೆ. 4 ಜಿಬಿ ರ‍್ಯಾಮ್ ಇದ್ದರೆ ಆರಾಮವಾಗಿ ನಡೆಯುತ್ತದೆ, ದುಡ್ಡು ಕೊಡಬೇಕಿಲ್ಲ. ಡಿಸ್ಕನ್ನು ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡುವ ಅವಕಾಶವೂ ಇದೆ. ಸ್ಪೀಕರ್, ವೈಫೈ, ಕ್ಯಾಮೆರಾ, ಪ್ರಿಂಟರ್ ಎಲ್ಲವನ್ನೂ ಈ ಲೈವ್ ಪರದೆಯಲ್ಲೇ ಪರೀಕ್ಷಿಸಿ. ಡಿಟಿಪಿ ಅಂಗಡಿಗಳಲ್ಲಿ ಬಳಕೆಯಲ್ಲಿರುವ ಕ್ಯಾನನ್ ಎಲ್‌ಬಿಪಿ 2900ರಂಥ ಹಳೆಯ ಪ್ರಿಂಟರ್‌ಗಳು ಲಿನಕ್ಸ್‌ನಲ್ಲಿ ಸುಲಭಕ್ಕೆ ಮಣಿಯುವುದಿಲ್ಲ. ಅದು ಮೊದಲೇ ಗೊತ್ತಾದರೆ ಒಳ್ಳೆಯದು.

ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಟೆಂಡರ್ ಅಥವಾ ಜಿಎಸ್‌ಟಿಗೆ ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುವವರು, ಆಧಾರ್ ಬೆರಳಚ್ಚು ಸಾಧನ ಇಟ್ಟುಕೊಂಡ ಸೇವಾ ಕೇಂದ್ರದವರು ವಿಂಡೋಸ್‌ನಲ್ಲೇ ಇರುವುದು ಲೇಸು. ಬರವಣಿಗೆ, ಇಂಟರ್‌ನೆಟ್, ಆನ್‌ಲೈನ್ ತರಗತಿ, ಸಿನಿಮಾ ಇಷ್ಟೇ ಕೆಲಸವಿದ್ದರೆ ಮಿಂಟ್ ಧಾರಾಳವಾಗಿ ಸಾಕು.

ನಿಧಾನವಾಗಲು ಓಎಸ್ಸೇ ಕಾರಣವೇ?

‘ಸಿಸ್ಟಮ್ ಹ್ಯಾಂಗ್ ಆಗುತ್ತಿದೆ, ಫಾರ್ಮ್ಯಾಟ್ ಮಾಡಿಸಬೇಕು’ ಎನ್ನುವವರು ಮೊದಲು ಡಿಸ್ಕಿನ ಆರೋಗ್ಯ ನೋಡಬೇಕು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಡಿಸ್ಕ್ ಸರಿಯಿದೆಯೋ ಕೆಡುತ್ತಿದೆಯೋ ಹೇಳುತ್ತದೆ. ಎಚ್ಚರಿಕೆಯ ಹಳದಿ ಬಣ್ಣ ಬಂದರೆ ಆ ಡಿಸ್ಕಿಗೆ ಯಾವ ಓಎಸ್ ಹಾಕಿದರೂ ನಡುವೆ ನಿಲ್ಲಬಹುದು. ಮೊದಲು ಫೈಲುಗಳನ್ನು ಹೊರಗೆ ತೆಗೆಯಿರಿ.

ಹಳೆಯ ಹಾರ್ಡ್‌ಡಿಸ್ಕ್ ಇರುವವರಿಗೆ ನನ್ನ ಒತ್ತಾಯದ ಸಲಹೆ ಇದು: ಹೊಸ ಎಸ್‌ಎಸ್‌ಡಿ ಕೊಂಡು ಅದರ ಮೇಲೆ ಹೊಸ ಓಎಸ್ ಹಾಕಿ, ಹಳೆಯ ಡಿಸ್ಕನ್ನು ಬಿಚ್ಚಿ ಹಾಗೇ ಎತ್ತಿಡಿ. ಯಂತ್ರದ ವೇಗ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಹೊಸ ವ್ಯವಸ್ಥೆಯಲ್ಲಿ ಏನಾದರೂ ಕೈಕೊಟ್ಟರೆ ಹಳೆಯ ಡಿಸ್ಕನ್ನು ಮತ್ತೆ ಜೋಡಿಸಿ ಅದೇ ದಿನ ಕೆಲಸ ಮುಂದುವರಿಸಬಹುದು. ಹೊಸ ಓಎಸ್ ಹಾಕುವುದರಲ್ಲಿ ಇದಕ್ಕಿಂತ ನಿಶ್ಚಿಂತೆಯ ದಾರಿ ಇನ್ನೊಂದಿಲ್ಲ.

ಬ್ಯಾಕಪ್: ಸಿ ಡ್ರೈವ್ ಮರೆಯಬೇಡಿ

‘ಸಿ ಡ್ರೈವ್ ಮಾತ್ರ ಅಳಿಸಿ, ಡಿ ಡ್ರೈವ್‌ನಲ್ಲಿ ನನ್ನ ಫೈಲುಗಳಿವೆ’ ಎಂಬ ಮಾತು ನಮ್ಮಲ್ಲಿ ಬಹಳ ಬಳಕೆಯದು. ಇದರಲ್ಲಿ ಎರಡು ಅಪಾಯಗಳಿವೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್ ಇವೆಲ್ಲ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಕಣ್ಣೆದುರೇ ಇರುವ ಡೆಸ್ಕ್‌ಟಾಪ್ ಫೈಲುಗಳೇ ಮೊದಲು ಹೋಗುವುದು ಹೀಗೆ. ಎರಡನೆಯದಾಗಿ, ಡಿ ಎಂಬುದು ಎಷ್ಟೋ ಯಂತ್ರಗಳಲ್ಲಿ ಬೇರೆ ಡಿಸ್ಕ್ ಅಲ್ಲ, ಅದೇ ಡಿಸ್ಕಿನ ಇನ್ನೊಂದು ಭಾಗ. ಇಡೀ ಡಿಸ್ಕ್ ಅಳಿಸಿದರೆ ಡಿ ಕೂಡ ಹೋಗುತ್ತದೆ.

ಆದ್ದರಿಂದ ನಕಲು ಬೇರೆಯದೇ ಸಾಧನದಲ್ಲಿರಬೇಕು. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕನ್ನು ಕಂಪ್ಯೂಟರ್‌ನ ಯುಎಸ್‌ಬಿ 3.0 ಕಿಂಡಿಗೆ ಹಾಕಿ. ಅದರ ಒಳಭಾಗ ಹೆಚ್ಚಾಗಿ ನೀಲಿ ಬಣ್ಣದ್ದಿರುತ್ತದೆ. ಹಳೆಯ 2.0 ಕಿಂಡಿಯಲ್ಲಿ 100 ಜಿಬಿ ನಕಲಿಗೆ ಒಂದು ಗಂಟೆಯ ಹತ್ತಿರ ಹಿಡಿಯುತ್ತದೆ. ಇವುಗಳನ್ನು ಪಟ್ಟಿ ಮಾಡಿ ಟಿಕ್ ಹಾಕುತ್ತ ಹೋಗಿ:

• ಸಿ ಡ್ರೈವ್‌ನ ಯೂಸರ್ಸ್ ಫೋಲ್ಡರ್‌ನಲ್ಲಿ ನಿಮ್ಮ ಹೆಸರಿನದು ಪೂರ್ತಿ.
• ಟ್ಯಾಲಿ ಡೇಟಾ ಫೋಲ್ಡರ್. ಟ್ಯಾಲಿಯೊಳಗಿಂದಲೇ ತೆಗೆದ ಬ್ಯಾಕಪ್ ಬೇರೆ.
• ಔಟ್‌ಲುಕ್ ಬಳಸುವವರಾದರೆ ಅದರ ಪಿಎಸ್‌ಟಿ ಫೈಲುಗಳು.
• ಬ್ರೌಸರ್‌ನಲ್ಲಿ ಉಳಿಸಿದ ಬುಕ್‌ಮಾರ್ಕ್ ಮತ್ತು ಪಾಸ್‌ವರ್ಡ್‌ಗಳು.
• ನುಡಿ, ಬರಹದ ಹಳೆಯ ಫಾಂಟ್ ಫೈಲುಗಳು.
• ಪ್ರಿಂಟರ್, ಸ್ಕ್ಯಾನರ್, ಟೋಕನ್‌ಗಳ ಡ್ರೈವರ್ ಫೈಲುಗಳು.

ಒನ್‌ಡ್ರೈವ್ ಬಳಸುವವರು ಇನ್ನೊಂದು ವಿಷಯ ಗಮನಿಸಬೇಕು. ಫೈಲಿನ ಪಕ್ಕ ಮೋಡದ ಗುರುತು ಇದ್ದರೆ ಆ ಫೈಲು ನಿಮ್ಮ ಡಿಸ್ಕಿನಲ್ಲಿಲ್ಲ, ಇಂಟರ್‌ನೆಟ್‌ನಲ್ಲಿದೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ, ಸದಾ ಈ ಸಾಧನದಲ್ಲೇ ಇಡುವ ಆಯ್ಕೆ ಒತ್ತಿ, ಪೂರ್ತಿ ಇಳಿದ ಮೇಲೆ ನಕಲು ಮಾಡಿ. ಕೊನೆಯಲ್ಲಿ ಎಕ್ಸ್‌ಟರ್ನಲ್ ಡಿಸ್ಕನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ ನಾಲ್ಕಾರು ಫೋಟೊ, ಒಂದೆರಡು ಕಡತ ತೆರೆದು ನೋಡಿ. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ನಂಬಬೇಡಿ.

ಕಾಗದದ ಮೇಲೆ ಬರೆದಿಡಬೇಕಾದ್ದು

ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಬೀಗ ನಿಮಗೆ ಗೊತ್ತಿಲ್ಲದಂತೆಯೇ ಆನ್ ಆಗಿರಬಹುದು. ಬಯೋಸ್‌ನಲ್ಲಿ ಟಿಪಿಎಂ ಅಥವಾ ಸೆಕ್ಯೂರ್ ಬೂಟ್ ಬದಲಿಸಿದ ಮರುಕ್ಷಣ ನೀಲಿ ಪರದೆ ಬಂದು 48 ಅಂಕಿಗಳ ರಿಕವರಿ ಕೀ ಕೇಳಬಹುದು. ಆ ಅಂಕಿಗಳಿಲ್ಲದೆ ಒಳಗಿನ ಒಂದು ಫೈಲೂ ಸಿಗುವುದಿಲ್ಲ, ಡಿಸ್ಕ್ ಬಿಚ್ಚಿ ಬೇರೆ ಕಡೆ ಹಾಕಿದರೂ ಇಲ್ಲ. ಸಾಮಾನ್ಯವಾಗಿ ಆ ಕೀ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ, ಡಿವೈಸ್ ಪಟ್ಟಿಯ ಅಡಿಯಲ್ಲಿರುತ್ತದೆ. ಬಯೋಸ್‌ಗೆ ಹೋಗುವ ಮೊದಲೇ ಅದನ್ನು ಕಾಗದಕ್ಕೆ ಇಳಿಸಿ.

ಆ ಖಾತೆಯ ಮೇಲ್ ಐಡಿ, ಪಾಸ್‌ವರ್ಡ್, ಒಟಿಪಿ ಬರುವ ಮೊಬೈಲ್ ಕೂಡ ಹತ್ತಿರವಿರಲಿ. ವಿಂಡೋಸ್ 11 ಹಾಕುವಾಗ ಇಂಟರ್‌ನೆಟ್ ಮತ್ತು ಮೈಕ್ರೋಸಾಫ್ಟ್ ಖಾತೆ ಕೇಳುತ್ತದೆ.

ಲೈಸೆನ್ಸ್ ಬಗ್ಗೆಯೂ ಒಂದು ಮಾತು. ವಿಂಡೋಸ್ 8 ಅಥವಾ ಅದರ ನಂತರದ ಆವೃತ್ತಿಯೊಂದಿಗೆ ಬಂದ ಲ್ಯಾಪ್‌ಟಾಪ್‌ಗಳಲ್ಲಿ ಲೈಸೆನ್ಸ್ ಕೀ ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲೇ ಅಡಗಿರುತ್ತದೆ. ವಿಂಡೋಸ್ 10 ಸರಿಯಾಗಿ ಆ್ಯಕ್ಟಿವೇಟ್ ಆಗಿದ್ದ ಯಂತ್ರಕ್ಕೆ ಅದೇ ಬಗೆಯ ವಿಂಡೋಸ್ 11, ಅಂದರೆ ಹೋಮ್ ಇದ್ದಲ್ಲಿ ಹೋಮ್, ಪ್ರೊ ಇದ್ದಲ್ಲಿ ಪ್ರೊ, ಹಾಕಿದರೆ ಹೊಸ ಕೀ ಕೊಳ್ಳಬೇಕಿಲ್ಲ. ಪುಕ್ಕಟೆ ಆ್ಯಕ್ಟಿವೇಟರ್‌ಗಳ ಕಡೆ ಹೋಗಲೇಬೇಡಿ. ‘ಮೊದಲು ಆ್ಯಂಟಿವೈರಸ್ ಆಫ್ ಮಾಡಿ’ ಎನ್ನುವ ತಂತ್ರಾಂಶವನ್ನು ಬ್ಯಾಂಕ್ ವ್ಯವಹಾರ ಮಾಡುವ ಯಂತ್ರಕ್ಕೆ ಹಾಕುವುದು ಕಳ್ಳನ ಕೈಗೆ ಬೀಗದ ಕೈ ಕೊಟ್ಟಂತೆ.

ಪೆನ್‌ಡ್ರೈವ್‌ನಿಂದ ಬೂಟ್ ಆಗುತ್ತಿಲ್ಲವೆ?

ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಬೇಕು, ಅದರಲ್ಲಿದ್ದುದೆಲ್ಲ ಅಳಿಸಿಹೋಗುತ್ತದೆ. ಡೌನ್‌ಲೋಡ್ ಮಾಡಿದ ಓಎಸ್‌ನ ಐಎಸ್‌ಒ ಫೈಲನ್ನು ಹಾಗೇ ಕಾಪಿ-ಪೇಸ್ಟ್ ಮಾಡಿದರೆ ಬೂಟ್ ಆಗುವುದಿಲ್ಲ. ವಿಂಡೋಸ್‌ಗಾದರೆ ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಶನ್ ಟೂಲ್, ಲಿನಕ್ಸ್‌ಗಾದರೆ ರೂಫಸ್ ಅಥವಾ ಬಲೇನಾ ಎಚರ್ ಬಳಸಿ ಬರೆಯಬೇಕು.

ಯಂತ್ರ ಆನ್ ಮಾಡಿದ ಕೂಡಲೇ ಬೂಟ್ ಮೆನು ಕೀಲಿಯನ್ನು ಬಿಟ್ಟುಬಿಟ್ಟು ಒತ್ತುತ್ತಿರಿ. ಡೆಲ್ ಮತ್ತು ಲೆನೊವೊದಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್ ಲ್ಯಾಪ್‌ಟಾಪ್‌ನಲ್ಲಿ ಎಸ್ಕೇಪ್. ಕೆಲವು ಏಸರ್ ಯಂತ್ರಗಳಲ್ಲಿ ಎಫ್12 ಮೆನುವನ್ನು ಬಯೋಸ್‌ನಲ್ಲಿ ಮೊದಲು ಆನ್ ಮಾಡಿಕೊಳ್ಳಬೇಕು.

ಫೈಲುಗಳೆಲ್ಲ ನಕಲಾಗಿ ಯಂತ್ರ ರೀಸ್ಟಾರ್ಟ್ ಆದ ಮೇಲೆ ಮೊದಲಿನ ಭಾಷೆ ಆರಿಸುವ ಪರದೆಯೇ ಮತ್ತೆ ಬಂದರೆ ಗಾಬರಿ ಬೇಡ. ಅದು ಪುನಃ ಪೆನ್‌ಡ್ರೈವ್‌ನಿಂದ ಬೂಟ್ ಆಗಿದೆ, ಅಷ್ಟೆ. ಯಂತ್ರ ಆಫ್ ಮಾಡಿ, ಪೆನ್‌ಡ್ರೈವ್ ತೆಗೆದು ಆನ್ ಮಾಡಿ. ಶೇಕಡಾವಾರು ಅಂಕಿ ಒಂದೇ ಕಡೆ ನಿಂತಂತೆ ಕಂಡರೂ ಡಿಸ್ಕಿನ ದೀಪ ಮಿನುಗುತ್ತಿದ್ದರೆ ಕೆಲಸ ನಡೆಯುತ್ತಿದೆ, ಪವರ್ ಬಟನ್ ಒತ್ತಬೇಡಿ. ಕರೆಂಟು ಹೋಗುವ ಊರಲ್ಲಿ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ನಲ್ಲಿ, ಚಾರ್ಜರ್ ಹಾಕದ ಲ್ಯಾಪ್‌ಟಾಪ್‌ನಲ್ಲಿ ಈ ಕೆಲಸ ಶುರು ಮಾಡಲೇಬಾರದು.

ಅತಿ ಎಚ್ಚರ ಬೇಕಾದ ಪರದೆ

ಓಎಸ್ಸನ್ನು ಎಲ್ಲಿ ಹಾಕಬೇಕು ಎಂದು ಕೇಳುವ ಪರದೆಯಲ್ಲಿ ಒತ್ತುವ ಒಂದು ಬಟನ್ನಿನಿಂದ ವರ್ಷಗಳ ಫೋಟೊ ಹೋಗಬಹುದು. ಅದನ್ನು ನಿಧಾನವಾಗಿ ಓದಿ.

ವಿಂಡೋಸ್ ಸೆಟಪ್‌ನಲ್ಲಿ ಸಿ, ಡಿ ಎಂಬ ಅಕ್ಷರಗಳು ಕಾಣುವುದಿಲ್ಲ. ಡಿಸ್ಕ್ 0 ಪಾರ್ಟಿಷನ್ 1, 2, 3 ಎಂದು ಸಾಲಾಗಿ ಬರುತ್ತದೆ. 100 ಎಂಬಿಯಷ್ಟು ಪುಟ್ಟದೊಂದು, 16 ಎಂಬಿಯದೊಂದು, ದೊಡ್ಡವು ಒಂದೆರಡು, ಕೊನೆಗೆ ರಿಕವರಿ ಎಂಬುದೊಂದು. 500 ಜಿಬಿ ಎಂದು ಕೊಂಡ ಡಿಸ್ಕ್ ಇಲ್ಲಿ 465 ಜಿಬಿ ಎಂದು ಕಾಣುತ್ತದೆ; ಲೆಕ್ಕ ಹಾಕುವ ಕ್ರಮ ಬೇರೆಯಾದ್ದರಿಂದ ಹಾಗೆ, ಜಾಗ ಕಳೆದುಹೋಗಿಲ್ಲ. ಇದರಲ್ಲಿ ನಿಮ್ಮ ಡಿ ಯಾವುದು? ಗುರುತಿಸುವ ಉಪಾಯವನ್ನು ಹಳೆಯ ವಿಂಡೋಸ್ ಇರುವಾಗಲೇ ಮಾಡಿಕೊಳ್ಳಬೇಕು. ದಿಸ್ ಪಿಸಿ ತೆರೆದು ಡಿ ಡ್ರೈವ್‌ಗೆ ರೀನೇಮ್ ಮಾಡಿ ಇಂಗ್ಲಿಷ್‌ನಲ್ಲಿ ‘ಫೋಟೋಸ್’ ಎಂದೋ ‘ಡೇಟಾ’ ಎಂದೋ ಹೆಸರು ಕೊಡಿ, ಅದರ ಗಾತ್ರವನ್ನು ಕಾಗದದಲ್ಲಿ ಬರೆದುಕೊಳ್ಳಿ. ಆ ಹೆಸರು, ಆ ಗಾತ್ರ ಎರಡೂ ಹೊಂದುವ ಸಾಲನ್ನು ಮುಟ್ಟಬೇಡಿ. ಡೆಸ್ಕ್‌ಟಾಪ್‌ನಲ್ಲಿ ಎರಡು ಡಿಸ್ಕ್ ಇದ್ದರೆ, ಓಎಸ್ ಹಾಕದ ಡಿಸ್ಕಿನ ಕೇಬಲ್ಲನ್ನು ಯಂತ್ರ ಆಫ್ ಮಾಡಿ ಬಿಚ್ಚಿಬಿಡುವುದು ಎಲ್ಲಕ್ಕಿಂತ ಕ್ಷೇಮ. ಹೊಸ ಎಸ್‌ಎಸ್‌ಡಿಯಾದರೆ ಒಂದೇ ಸಾಲು, ‘ಅನ್‌ಅಲೊಕೇಟೆಡ್’ ಎಂದಿರುತ್ತದೆ. ಅದನ್ನು ಆರಿಸಿ ನೆಕ್ಸ್ಟ್ ಒತ್ತಿದರೆ ಬೇಕಾದ ಭಾಗಗಳನ್ನು ಸೆಟಪ್ ತಾನೇ ಮಾಡಿಕೊಳ್ಳುತ್ತದೆ.

ಮಿಂಟ್‌ನಲ್ಲಿ ‘ಇರೇಸ್ ಡಿಸ್ಕ್’ ಎಂಬ ಆಯ್ಕೆ ಇಡೀ ಡಿಸ್ಕನ್ನು ಅಳಿಸುತ್ತದೆ, ಡಿ ಭಾಗವನ್ನೂ ಸೇರಿಸಿ. ವಿಂಡೋಸ್ ಉಳಿಸಿಕೊಳ್ಳಬೇಕೆಂದರೆ ‘ಅಲಾಂಗ್‌ಸೈಡ್’ ಎಂಬ ಆಯ್ಕೆಯನ್ನು ಹಿಡಿಯಿರಿ.

ಈ ಪರದೆಯಲ್ಲಿ ಎದುರಾಗುವ ಎರರ್‌ಗಳು ಮುಖ್ಯವಾಗಿ ಎರಡು. ಡಿಸ್ಕೇ ಕಾಣದಿದ್ದರೆ, ಅದರಲ್ಲೂ ಇಂಟೆಲ್ 11ನೇ ಪೀಳಿಗೆ ಮತ್ತು ಅದರ ನಂತರದ ಲ್ಯಾಪ್‌ಟಾಪ್‌ಗಳಲ್ಲಿ, ಡಿಸ್ಕ್ ಕೆಟ್ಟಿದೆ ಎಂದುಕೊಳ್ಳಬೇಡಿ. ಲ್ಯಾಪ್‌ಟಾಪ್ ಕಂಪನಿಯ ಜಾಲತಾಣದಿಂದ ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಇಳಿಸಿ, ಎಕ್ಸ್‌ಟ್ರ್ಯಾಕ್ಟ್ ಮಾಡಿ, ಪೆನ್‌ಡ್ರೈವ್‌ನಲ್ಲಿಟ್ಟು ‘ಲೋಡ್ ಡ್ರೈವರ್’ ಒತ್ತಿದರೆ ಡಿಸ್ಕ್ ಕಾಣಿಸುತ್ತದೆ. ಎರಡನೆಯದು, ಡಿಸ್ಕ್ ಎಂಬಿಆರ್ ಬಗೆಯದು, ಜಿಪಿಟಿ ಬೇಕು ಎನ್ನುವ ಎರರ್. ಇಲ್ಲಿ ಅವಸರಪಟ್ಟು ಎಲ್ಲ ಪಾರ್ಟಿಷನ್ ಡಿಲೀಟ್ ಮಾಡುವುದೇ ಅನಾಹುತಕ್ಕೆ ದಾರಿ. ವಿಂಡೋಸ್ 10ರಲ್ಲೇ ಇರುವ ಎಂಬಿಆರ್2ಜಿಪಿಟಿ ಎಂಬ ಸಾಧನ ಫೈಲು ಅಳಿಸದೆ ಡಿಸ್ಕಿನ ಬಗೆ ಬದಲಿಸುತ್ತದೆ. ಬ್ಯಾಕಪ್ ಇದ್ದ ಮೇಲಷ್ಟೇ ಅದನ್ನು ಬಳಸಿ.

ವೈಫೈ ಇಲ್ಲದೆ ಮುಂದೆ ಹೋಗದಾಗ

ವಿಂಡೋಸ್ 11 ನೆಟ್ ಬೇಕು ಎನ್ನುತ್ತದೆ, ವೈಫೈ ಪಟ್ಟಿ ಮಾತ್ರ ಖಾಲಿ. ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್‌ಗೆ ಡ್ರೈವರ್ ಬೇಕು. ಇದಕ್ಕೆ ಸುಲಭದ ಉಪಾಯ ಆ್ಯಂಡ್ರಾಯ್ಡ್ ಮೊಬೈಲ್. ಚಾರ್ಜಿಂಗ್ ಕೇಬಲ್‌ನಲ್ಲಿ ಲ್ಯಾಪ್‌ಟಾಪ್‌ಗೆ ಜೋಡಿಸಿ, ಮೊಬೈಲಿನ ಹಾಟ್‌ಸ್ಪಾಟ್ ಸೆಟಿಂಗ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ಸಾಮಾನ್ಯವಾಗಿ ಬೇರೆ ಡ್ರೈವರ್ ಇಲ್ಲದೆಯೇ ನೆಟ್ ಬರುತ್ತದೆ. ಮಿಂಟ್‌ನಲ್ಲೂ ಇದೇ ಉಪಾಯ. ನೆಟ್ ಬಂದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ವೈಫೈ ಡ್ರೈವರ್ ಹಾಕಿಕೊಳ್ಳಿ.

ಮಿಂಟ್ ಹಾಕುವಾಗ ಹೆಚ್ಚುವರಿ ಡ್ರೈವರ್‌ಗಳಿಗೆಂದು ಒಂದು ಪಾಸ್‌ವರ್ಡ್ ಕೇಳಿದರೆ ನೆನಪಿಟ್ಟುಕೊಳ್ಳಿ. ರೀಸ್ಟಾರ್ಟ್ ಆದಾಗ ಎಂಒಕೆ ಎಂಬ ನೀಲಿ ಪರದೆ ಬರುತ್ತದೆ. ಅಲ್ಲಿ ‘ಎನ್‌ರೋಲ್’ ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಸುಮ್ಮನೆ ಮುಂದುವರಿದರೆ ಆ ಡ್ರೈವರ್ ಕೆಲಸ ಮಾಡುವುದಿಲ್ಲ. ಎರಡೂ ಓಎಸ್ ಇಟ್ಟುಕೊಂಡವರಿಗೆ ಗಡಿಯಾರ ಐದೂವರೆ ಗಂಟೆ ಹೆಚ್ಚುಕಡಿಮೆ ತೋರಿಸಬಹುದು. ಯಂತ್ರದ ಗಡಿಯಾರವನ್ನು ವಿಂಡೋಸ್ ಭಾರತೀಯ ಸಮಯವೆಂದು ಓದುತ್ತದೆ, ಲಿನಕ್ಸ್ ಯುಟಿಸಿ ಎಂದು ಓದುತ್ತದೆ. ಲಿನಕ್ಸ್‌ಗೆ ಸ್ಥಳೀಯ ಸಮಯ ಬಳಸುವಂತೆ ಹೇಳಿದರೆ ಸರಿಹೋಗುತ್ತದೆ.

ಕನ್ನಡ ಮರಳಿ ಬರಬೇಕು

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಸಿಗದ, ನಮಗೆ ತೀರಾ ಮುಖ್ಯವಾದ ವಿಷಯ ಇದು. ಹೊಸ ಓಎಸ್‌ನಲ್ಲಿ ಹಳೆಯ ಪತ್ರ ತೆರೆದಾಗ ಕನ್ನಡದ ಬದಲು ಗೆರೆ-ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಂಡರೆ ಫೈಲು ಕೆಟ್ಟಿಲ್ಲ. ಅದು ಯೂನಿಕೋಡ್‌ಗೆ ಮೊದಲಿನ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ, ಮೇಲಿನ ಕನ್ನಡ ರೂಪ ಫಾಂಟ್ ಕೊಟ್ಟದ್ದು. ಬ್ಯಾಕಪ್‌ನಲ್ಲಿರುವ ಆ ಫಾಂಟ್‌ಗಳನ್ನು ಹಾಕಿದರೆ ಕನ್ನಡ ಮತ್ತೆ ಕಾಣುತ್ತದೆ. ಶಾಶ್ವತ ಪರಿಹಾರ ಬೇಕೆಂದರೆ ಪರಿವರ್ತಕ ತಂತ್ರಾಂಶದಿಂದ ಅವನ್ನು ಯೂನಿಕೋಡ್‌ಗೆ ಬದಲಿಸಿ, ಮೂಲವನ್ನೂ ಉಳಿಸಿಕೊಳ್ಳಿ. ಪರಿವರ್ತಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು, ಅಂಕಿಗಳ ಮೇಲೆ ಒಮ್ಮೆ ಕಣ್ಣಾಡಿಸಬೇಕು.

ಟೈಪಿಂಗ್‌ಗೆ ವಿಂಡೋಸ್‌ನಲ್ಲೇ ಇನ್‌ಸ್ಕ್ರಿಪ್ಟ್ ಮತ್ತು ಫೊನೆಟಿಕ್ ಎರಡೂ ಕೀಲಿಮಣೆಗಳಿವೆ. ಭಾಷೆಯ ಸೆಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಂಡರಾಯಿತು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಗೆ ಕೈ ಕುಳಿತವರು ಯೂನಿಕೋಡ್ ಬರೆಯುವ ನುಡಿಯ ಹೊಸ ಆವೃತ್ತಿ ಹಾಕಿಕೊಳ್ಳಬಹುದು. ಮಿಂಟ್‌ನಲ್ಲಿ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಲಾಗೌಟ್ ಆಗಿ ಮತ್ತೆ ಒಳಬಂದರೆ ನುಡಿಯಂಥದೇ ಆದ ಕನ್ನಡದ ಕೆಜಿಪಿ ವಿನ್ಯಾಸ ಆರಿಸಿಕೊಳ್ಳಲು ಸಿಗುತ್ತದೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳೂ ಉಚಿತವಾಗಿ ಲಭ್ಯ.

ಅಂಗಡಿಗೆ ಕೊಡುವುದಾದರೆ

ಎಲ್ಲರೂ ಇದನ್ನು ಸ್ವತಃ ಮಾಡಬೇಕಿಲ್ಲ. ಆದರೆ ಬ್ಯಾಕಪ್ ಮಾತ್ರ ನಿಮ್ಮ ಕೈಯಿಂದಲೇ ಆಗಿರಲಿ. ಯಾವ ಆವೃತ್ತಿ ಹಾಕುತ್ತಾರೆ, ಅದು ಅಸಲಿಯೇ ಎಂದು ಕೇಳಿ. ಖಾತೆಯ ಹಂತ ಬಂದಾಗ ನೀವು ಪಕ್ಕದಲ್ಲಿದ್ದು ನಿಮ್ಮ ಮೇಲ್ ಐಡಿಯನ್ನೇ ಕೊಡಿ. ಅಂಗಡಿಯವರು ತಮ್ಮ ಖಾತೆಯಲ್ಲಿ ಲಾಗಿನ್ ಆಗಿ ಮುಗಿಸಿದರೆ ಡಿಸ್ಕಿನ ಆ 48 ಅಂಕಿಗಳ ಕೀ ಅವರ ಖಾತೆಗೆ ಹೋಗಿ ಕೂರುತ್ತದೆ. ಮುಂದೊಂದು ದಿನ ನೀಲಿ ಪರದೆ ಬಂದಾಗ ನಿಮ್ಮ ಫೈಲುಗಳಿಗಾಗಿ ಅವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಡಿಜಿಟಲ್ ಸಹಿಯ ಟೋಕನ್‌ಗೆ ಡ್ರೈವರ್ ಹಾಕುವಾಗ ‘ಇನಿಷಿಯಲೈಸ್’ ಎಂಬ ಬಟನ್ ಒತ್ತದಂತೆಯೂ ಹೇಳಿ. ಅದು ಒಳಗಿನ ಪ್ರಮಾಣಪತ್ರವನ್ನು ಅಳಿಸಿಹಾಕುತ್ತದೆ.

ದಿನವನ್ನೂ ನೋಡಿ ಆರಿಸಿ. ಜಿಎಸ್‌ಟಿ ರಿಟರ್ನ್‌ನ ಕೊನೆಯ ದಿನ, ಪರೀಕ್ಷೆ ಅರ್ಜಿಯ ಕೊನೆಯ ದಿನ, ಸಂಬಳದ ಬಿಲ್ಲಿನ ವಾರ ಈ ಕೆಲಸಕ್ಕೆ ಕೈಹಾಕಬೇಡಿ. ಹೊಸ ಓಎಸ್ ಚೆನ್ನಾಗಿ ನಡೆಯುತ್ತಿದೆ ಎನಿಸಿದ ಮೇಲೂ ಹಳೆಯ ಡಿಸ್ಕ್ ಅಥವಾ ಬ್ಯಾಕಪ್ಪನ್ನು ಅಳಿಸಲು ಅವಸರ ಬೇಡ. ತಿಂಗಳ ಲೆಕ್ಕ, ಬಿಲ್ಲು, ಪ್ರಿಂಟು, ಸ್ಕ್ಯಾನು, ಸಹಿ ಹೀಗೆ ನಿಮ್ಮ ಎಲ್ಲ ಬಗೆಯ ಕೆಲಸವೂ ಹೊಸ ವ್ಯವಸ್ಥೆಯಲ್ಲಿ ಒಂದು ಸುತ್ತು ಮುಗಿಯಲಿ. ಮರೆತುಹೋದ ಫೋಲ್ಡರ್ ಯಾವುದೆಂದು ಗೊತ್ತಾಗುವುದು ಆ ಸುತ್ತಿನಲ್ಲೇ.